ಆರ್‌ಎಕ್ಸ್ 100ರ ಕ್ರ್ಯಾಂಕ್ ಬೇರಿಂಗ್: ನಾನು ಹಾಕಿ ನೋಡಿದ ಮೂರು ಜೋಡಿ

ನನ್ನ ಆರ್‌ಎಕ್ಸ್ 100 ಬೈಕ್ 1992ರದ್ದು. ಮಡ್‌ಗಾರ್ಡ್ ಎತ್ತರಿಸಿ, ಆಳವಾದ ಹಲ್ಲಿನ ಟೈರ್ ಹಾಕಿ ಅದನ್ನು ಶಿರಸಿ ಕಡೆಯ ತೋಟದ ಹಾದಿಗೂ ಬೆಟ್ಟದ ಕೆಮ್ಮಣ್ಣಿಗೂ ಒಗ್ಗಿಸಿಕೊಂಡಿದ್ದೇನೆ. ಆರು ವರ್ಷಗಳಲ್ಲಿ ಮೂರು ಸಲ ಇಂಜಿನ್ ಕೇಸ್ ಬಿಚ್ಚಿದೆ, ಮೂರು ಸಲವೂ ಕ್ರ್ಯಾಂಕ್ ಬೇರಿಂಗಿಗಾಗಿ, ಅಂದರೆ ಪಿಸ್ಟನ್ನಿನ ಓಡಾಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ದಂಡವನ್ನು ಎರಡೂ ಬದಿಯಲ್ಲಿ ಹೊತ್ತಿರುವ ಬೇರಿಂಗ್ ಜೋಡಿಗಾಗಿ. ಈಗ ಒಳಗಿರುವುದು ಸಿ3 ಗುರುತಿನ (ಒಳಗೆ ಸಾಮಾನ್ಯಕ್ಕಿಂತ ಹೆಚ್ಚು ಸಡಿಲಿರುವ), ಉಕ್ಕಿನ ಪಂಜರದ (ಗುಂಡುಗಳನ್ನು ಅಂತರದಲ್ಲಿ ಹಿಡಿದಿಡುವ ಚೌಕಟ್ಟಿನ) ಜೋಡಿ. ಯಾರಾದರೂ ಕೇಳಿದರೆ ಅದನ್ನೇ ಹಾಕಿ ಎನ್ನುತ್ತೇನೆ.

ಮೊದಲನೆಯದು ಹೆಸರಿಲ್ಲದ ಪೊಟ್ಟಣದ ಅಗ್ಗದ ಮಾಲು. ಅದನ್ನು ಕೂರಿಸಿದ್ದು ಸುತ್ತಿಗೆಯಿಂದ. ಕೈಗೆ ಸಿಕ್ಕ ಕಬ್ಬಿಣದ ಪೈಪನ್ನು ಒಳ ರೇಸಿನ (ಗುಂಡುಗಳು ಉರುಳುವ ಎರಡು ಉಕ್ಕಿನ ಬಳೆಗಳಲ್ಲಿ ಒಳಗಿನದರ) ಮೇಲಿಟ್ಟು ಬಡಿದು ಕೇಸಿಗೆ ಇಳಿಸಿದೆ. ಎಂಟು ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಗರಗರ ಸದ್ದು ಶುರುವಾಯಿತು. ಬಿಚ್ಚಿ ತೊಳೆದು ನೋಡಿದರೆ ರೇಸಿನ ಮೇಲೆ ಸಮ ಅಂತರದಲ್ಲಿ ಸಣ್ಣ ಸಣ್ಣ ಕುಳಿಗಳು. ಗುಂಡುಗಳ ನಡುವೆ ಎಷ್ಟು ಅಂತರವೋ ಕುಳಿಗಳ ನಡುವೆಯೂ ಅಷ್ಟೇ. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಬೆರಳಲ್ಲಿ ತಿರುಗಿಸಿ, “ತಮ್ಮಾ, ಕೇಸಿಗೆ ಇಳಿಸುವಾಗ ಹೊರ ರೇಸನ್ನು ಒತ್ತಬೇಕಿತ್ತು. ಒಳಗಿನದನ್ನು ಹೊಡೆದರೆ ಪೆಟ್ಟೆಲ್ಲ ಗುಂಡಿನ ಮೂಲಕವೇ ಹೋಗುತ್ತದೆ” ಎಂದರು. ಹಾಗಾಗಿ ಆ ಬೇರಿಂಗ್ ಕೆಟ್ಟದ್ದೆಂದು ನಾನು ಖಚಿತವಾಗಿ ಹೇಳಲಾರೆ. ಅದನ್ನು ಕೆಡಿಸಿದ್ದು ನನ್ನ ಸುತ್ತಿಗೆ. ಆದರೂ ಗುರುತಿಲ್ಲದ ಮಾಲನ್ನು ಇಂಜಿನ್ನಿನ ಒಳಗೆ ಮತ್ತೆಂದೂ ಹಾಕಲಿಲ್ಲ.

ಎರಡನೇ ಸಲ ಹುಬ್ಬಳ್ಳಿಯಿಂದ ಒಳ್ಳೆಯ ಕಂಪನಿಯ ಬೇರಿಂಗ್ ತಂದೆ. ಕೂರಿಸುವ ಬಗೆಯನ್ನೂ ಬದಲಿಸಿದೆ. ಅಲ್ಯೂಮಿನಿಯಮ್ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 52 ಮಿಲಿಮೀಟರ್ ವ್ಯಾಸದ ಗುಂಡಿಯಿರುವ ಕೇಸನ್ನು 80 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಗುಂಡಿ ಸುಮಾರು 0.1 ಮಿಲಿಮೀಟರ್ ಅಗಲವಾಗುತ್ತದೆ. ಫ್ರೀಜರಿನಲ್ಲಿಟ್ಟ ಬೇರಿಂಗ್ ಇನ್ನೊಂದಿಷ್ಟು ಕುಗ್ಗಿರುತ್ತದೆ. ಕೇಸನ್ನು ಪೆಟ್ರೋಲಿನಲ್ಲಿ ತೊಳೆದು, ಸೋಪಿನ ನೀರಿನಲ್ಲಿ ಮತ್ತೆ ತೊಳೆದು, ಪೂರ್ತಿ ಒಣಗಿಸಿ, ಇದಕ್ಕೆಂದೇ ಇಟ್ಟುಕೊಂಡ ಹಳೆಯ ಓವನ್ನಿನಲ್ಲಿ 110 ಡಿಗ್ರಿಗೆ ಕಾಯಿಸಿದೆ. ಆಯಿಲ್ ಸೀಲುಗಳನ್ನು ಮೊದಲೇ ತೆಗೆದಿಟ್ಟಿದ್ದೆ. ಬೇರಿಂಗ್ ಟಕ್ಕೆಂದು ತಾನಾಗಿ ಗುಂಡಿಗೆ ಬಿತ್ತು. ಆ ಸದ್ದು ಕೇಳಿದಾಗ ಆದ ಸಂತೋಷ ಇಂದಿಗೂ ಹಾಗೆಯೇ ಇದೆ. ಗ್ಯಾಸ್ ಟಾರ್ಚಿನಿಂದಲೂ ಕಾಯಿಸುವವರಿದ್ದಾರೆ. ಒಂದೇ ಜಾಗಕ್ಕೆ ಜ್ವಾಲೆ ತಾಗಿ ಕೇಸ್ ಸೊಟ್ಟಗಾಗುವ ಭಯದಿಂದ ನಾನು ಅದಕ್ಕೆ ಕೈ ಹಾಕಿಲ್ಲ.

ಆದರೆ ಆ ಜೋಡಿ ಸಾಮಾನ್ಯ ಸಡಿಲಿನದು. ಸಡಿಲು ಎಂದರೆ ಗುಂಡು ಮತ್ತು ರೇಸುಗಳ ನಡುವೆ ಬಿಟ್ಟ ತೆರಪು. ತಣ್ಣಗಿರುವಾಗ ಸದ್ದಿಲ್ಲ. ಕುಮಟಾ ಕಡೆಯಿಂದ ದೇವಿಮನೆ ಘಟ್ಟವನ್ನು ಎರಡನೇ ಗೇರಿನಲ್ಲಿ ಹತ್ತಿ ಮೇಲೆ ತಲುಪುವಾಗ ಮಾತ್ರ ಗುಂಯ್ ಎನ್ನುವ ಒಂದು ಸ್ವರ ಏರುತ್ತಿತ್ತು. ಇಂಜಿನ್ ತಣಿದರೆ ಅದೂ ಅಡಗುತ್ತಿತ್ತು. 25 ಮಿಲಿಮೀಟರ್ ಒಳವ್ಯಾಸದ ಬೇರಿಂಗಿನಲ್ಲಿ ಸಾಮಾನ್ಯ ಸಡಿಲು 5ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಸಿ3ಯಲ್ಲಿ 13ರಿಂದ 28. ಕ್ರ್ಯಾಂಕಿನ ಮೇಲೆ ಬಿಗಿಯಾಗಿ ಕೂತಾಗ ಒಳ ರೇಸ್ ಹಿಗ್ಗಿ ಈ ಸಡಿಲಿನ ಒಂದು ಪಾಲು ಹೋಗುತ್ತದೆ. ಒಳ ರೇಸ್ ಬಿಸಿಯಾದಾಗ ಇನ್ನಷ್ಟು ಹೋಗುತ್ತದೆ. ಮೂರನೆಯ ಸಲ ಅದೇ ಕಂಪನಿಯ ಸಿ3 ಜೋಡಿಯನ್ನು ಅದೇ ಓವನ್, ಅದೇ ಫ್ರೀಜರ್ ಬಳಸಿ ಕೂರಿಸಿದೆ. ಬೇರೆಯಾಗಿದ್ದುದು ಸಡಿಲು ಒಂದೇ. ಘಟ್ಟದ ಮೇಲಿನ ಆ ಸ್ವರ ಮತ್ತೆ ಕೇಳಲಿಲ್ಲ. ಎರಡು ಮಳೆಗಾಲ ಕಳೆದಿದೆ.

ಪ್ಲಾಸ್ಟಿಕ್ ಪಂಜರದ ಸಿ3 ಬೇರಿಂಗ್ ಕೂಡ ಅಂಗಡಿಯಲ್ಲಿತ್ತು. ಸದ್ದು ಕಡಿಮೆ ಎನ್ನುತ್ತಾರೆ. ನಾನು ಹಾಕಿ ನೋಡಿಲ್ಲ. ಆ ಪಂಜರ ದೀರ್ಘಕಾಲ ತಾಳುವ ಮಿತಿ ಸುಮಾರು 120 ಡಿಗ್ರಿ. ಗಾಳಿಯಲ್ಲೇ ತಣಿಯಬೇಕಾದ ಟೂ ಸ್ಟ್ರೋಕ್ ಇಂಜಿನ್ನಿಗೆ, ಅದರಲ್ಲೂ ಕೆಸರಿನಲ್ಲಿ ನಿಧಾನವಾಗಿ ಏರುವ ನನ್ನಂಥವರಿಗೆ, ಉಕ್ಕಿನದೇ ಧೈರ್ಯ.

ಕಾರವಾರದ ಭಾವನ ಬೈಕಿಗೂ ಇದೇ ಸಿ3 ಜೋಡಿ ಹಾಕಿಕೊಟ್ಟಿದ್ದೆ. ಅದು ಒಂದೇ ವರ್ಷದಲ್ಲಿ ಸದ್ದು ಮಾಡಿತು. ಕೇಸ್ ಬಿಚ್ಚಿದಾಗ ಕಂಡದ್ದು ಕುಳಿಯಲ್ಲ, ತುಕ್ಕಿನ ಕಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಗಾಳಿಯಲ್ಲಿ ಬೈಕ್ ಸುಮ್ಮನೆ ನಿಂತಿತ್ತು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ಸಿಗುವುದು ಪೆಟ್ರೋಲಿನೊಂದಿಗೆ ಬರುವ ಎಣ್ಣೆ ಮಾತ್ರ. ಇಂಜಿನ್ ಓಡದಿದ್ದರೆ ಅದೂ ಇಲ್ಲ. ಆ ಜೋಡಿಯ ಸೋಲನ್ನು ನಾನು ಬೇರಿಂಗಿನ ಲೆಕ್ಕಕ್ಕೆ ಬರೆಯುವುದಿಲ್ಲ. ಹೊಸ ಸಿ3 ಜೋಡಿ ತಂದಿಟ್ಟಿದ್ದೇನೆ. ಮುಂದಿನ ವಾರ ಬೇರಿಂಗ್ ಎಳೆದು ತೆಗೆಯುವ ಪುಲ್ಲರ್, ಹೊಸ ಆಯಿಲ್ ಸೀಲುಗಳೊಂದಿಗೆ ಕಾರವಾರಕ್ಕೆ ಇಳಿಯುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸುವುದಾಗಿ ಭಾವ ಒಪ್ಪಿದ್ದಾರೆ.