600 ಕಿಲೋಮೀಟರ್ ಪಾಸ್ ಕೊಂಡೆ, ಬ್ಯಾಣದಷ್ಟು ಜಾಗದಲ್ಲಿ ಜಾರಿದೆ: ಮೆರಿಬೆಲ್ ಲಿಫ್ಟ್ ಪಾಸ್ ಬಗ್ಗೆ

ಸಾಗರದ ಕಡೆಯ ತೋಟದವನು ಹಿಮದಲ್ಲಿ ಜಾರೋಕೆ ಫ್ರಾನ್ಸಿಗೆ ಹೋಗಿದ್ದ ಅಂದರೆ ಪೇಟೆಯಲ್ಲಿ ಸಿಕ್ಕವರೆಲ್ಲ ಮೊದಲು ಕೇಳುವುದು ಚಳಿ ಎಷ್ಟಿತ್ತು ಅಂತ. ಆಮೇಲೆ ದನಿ ಸ್ವಲ್ಪ ಇಳಿಸಿ, ಖರ್ಚು ಎಷ್ಟಾಯ್ತು ಮಾರಾಯಾ ಅಂತ. ಚಳಿ ತಡೆಯಬಹುದು. ಖರ್ಚಿನಲ್ಲಿ ನಾನು ಎಡವಿದ್ದು ವಿಮಾನದ ಟಿಕೆಟ್‌ನಲ್ಲೂ ಅಲ್ಲ, ರೂಮಿನಲ್ಲೂ ಅಲ್ಲ, ಬೆಟ್ಟ ಹತ್ತಿಸುವ ಲಿಫ್ಟ್‌ನ ಪಾಸ್‌ನಲ್ಲಿ. ನಮ್ಮ ಕಡೆ ಈಗ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ, ಅವರು ಕರೆಯುತ್ತಾರೆ, ನೀವೂ ಒಂದು ದಿನ ಹೋಗುತ್ತೀರಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ತಮ್ಮ ಜಿನೀವಾದಲ್ಲಿದ್ದಾನೆ. ಫೆಬ್ರವರಿ ಕೊನೆಗೆ, ಅಡಿಕೆ ಕೊಯ್ಲು ಒಂದು ಹದಕ್ಕೆ ಬಂದ ಮೇಲೆ, ನಾನು, ನನ್ನ ಹೆಂಡತಿ, ಅಮ್ಮ ಮೂರು ಜನ ಹೋದೆವು. ಅಲ್ಲಿಂದ ಅವನ ಸಂಸಾರದ ಜೊತೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ, ಮೂತಿಯೆ ಅನ್ನುವ ಊರು ದಾಟಿ ಮೇಲೆ ಹತ್ತಿದರೆ ಮೆರಿಬೆಲ್. ತಿರುವು ಹತ್ತುವಾಗ ಅಮ್ಮ ಆಗುಂಬೆ ಘಾಟಿಯ ಥರವೇ ಕಣ್ಣು ಮುಚ್ಚಿ ಕೂತಿದ್ದರು. ಊರಿರುವುದೇ ಸುಮಾರು 1,450 ಮೀಟರ್ ಎತ್ತರದಲ್ಲಿ. ನಮ್ಮ ಕೊಡಚಾದ್ರಿ 1,343. ಅಂದರೆ ಕೊಡಚಾದ್ರಿಯ ತುದಿಗಿಂತ ಮೇಲೆ ಊರು, ಅದರ ಮೇಲೆ ಇನ್ನೂ ಬೆಟ್ಟ.

ಗೊತ್ತಿಲ್ಲದವರಿಗೆ ಒಂದು ಮಾತು. ಕಾಲಿಗೆ ಸ್ಕೀ, ಅಂದರೆ ಜಾರುವ ಉದ್ದ ಪಟ್ಟಿ, ಕಟ್ಟಿಕೊಂಡರೆ ಕೆಳಗೆ ಇಳಿಯುವುದು ತಾನಾಗೇ ಆಗುತ್ತದೆ, ಮೇಲೆ ಹೋಗುವುದಕ್ಕೆ ಲಿಫ್ಟ್ ಬೇಕು. ಡಬ್ಬಿ ಥರದ ಗೊಂಡೋಲಾ, ಕಾಲು ಇಳಿಬಿಟ್ಟು ಕೂರುವ ಚೇರ್ ಲಿಫ್ಟ್, ತೊಡೆ ಸಂದಿಗೆ ತಟ್ಟೆ ಸಿಕ್ಕಿಸಿಕೊಂಡು ಎಳೆಸಿಕೊಳ್ಳುವ ಬಟನ್ ಲಿಫ್ಟ್. ಕಲಿಯುವವರಿಗೆ ನೆಲದ ಮೇಲೆ ಚಲಿಸುವ ರಬ್ಬರ್ ಪಟ್ಟಿಯೂ ಇದೆ, ಅದಕ್ಕೆ ಮ್ಯಾಜಿಕ್ ಕಾರ್ಪೆಟ್ ಅನ್ನುತ್ತಾರೆ. ಪಾಸ್ ಇದ್ದರೆ ಅದರ ವ್ಯಾಪ್ತಿಯ ಲಿಫ್ಟ್‌ಗಳಲ್ಲಿ ದಿನಕ್ಕೆ ಎಷ್ಟು ಸಲ ಬೇಕಾದರೂ ಹತ್ತಬಹುದು. ತೊಂದರೆ ಶುರುವಾಗುವುದು ಈ 'ವ್ಯಾಪ್ತಿ'ಯಲ್ಲೇ.

ಮೆರಿಬೆಲ್ ಇರುವುದು 'ಲೆ ತ್ರ್ವಾ ವಾಲೇ', ಅಂದರೆ 'ಮೂರು ಕಣಿವೆ' ಅನ್ನುವ ಪ್ರದೇಶದ ನಡುವೆ. ಒಂದು ಕಡೆ ಕೂರ್ಶ್ವೆಲ್, ಇನ್ನೊಂದು ಕಡೆ ಲೆ ಮೆನುಯೀರ್ ಮತ್ತು ವಾಲ್ ತೊರಾನ್ಸ್. ಎಲ್ಲ ಲಿಫ್ಟ್‌ಗಳಿಂದ ಹೆಣೆದುಕೊಂಡಿವೆ, ಒಟ್ಟು 600 ಕಿಲೋಮೀಟರ್ ಜಾರುವ ದಾರಿ. 1992ರ ಚಳಿಗಾಲದ ಒಲಿಂಪಿಕ್ಸ್‌ನ ಹಲವು ಸ್ಪರ್ಧೆಗಳು ಇದೇ ಬೆಟ್ಟಗಳಲ್ಲಿ ನಡೆದವು. ಪಾಸ್ ಎರಡು ಥರ ಸಿಗುತ್ತದೆ. ಮೂರೂ ಕಣಿವೆಯದ್ದು ಒಂದು, ನೀವು ಉಳಿದುಕೊಂಡ ಕಣಿವೆಯದ್ದು ಮಾತ್ರ ಇನ್ನೊಂದು. ನಡೆಯುವವರಿಗೆ, ಕಲಿಯುವವರಿಗೆ ಬೇರೆ ಸಣ್ಣ ಪಾಸ್‌ಗಳೂ ಇವೆ, ಆದರೆ ಅವುಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ, ನೀವೇ ಕೇಳಬೇಕು.

ತಮ್ಮ ಏಳೆಂಟು ವರ್ಷದಿಂದ ಸ್ಕೀ ಮಾಡುತ್ತಾನೆ. ಫೋನ್ ಮಾಡಿ, 'ಅಣ್ಣಾ, ಮೂರೂ ಕಣಿವೆಯದ್ದೇ ತಗೊಂಡುಬಿಡೋಣ, ಒಟ್ಟಿಗೆ ಇರಬಹುದು, ಕಮ್ಮಿದು ತಗೊಂಡು ಆಮೇಲೆ ಬೇಜಾರಾಗೋದು ಬೇಡ' ಅಂದ. ನಾನು ಹೂಂ ಅಂದೆ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಬ್ಯಾಣದ, ಅಂದರೆ ಹುಲ್ಲುಗುಡ್ಡದ, ತುದಿಯಿಂದ ಜಾರಿದ ಧೈರ್ಯ ಬೇರೆ ಇತ್ತು. ದೊಡ್ಡವರಿಗೆ ಆರು ದಿನದ ಪಾಸ್ ಹತ್ತಿರ ಹತ್ತಿರ 400 ಯೂರೋ. ಆಗಿನ ರೇಟಿನಲ್ಲಿ ಮುಕ್ಕಾಲು ಕ್ವಿಂಟಾಲ್ ರಾಶಿ ಇಡಿ ಅಡಿಕೆಯ ದುಡ್ಡು ಅಂತ ಲೆಕ್ಕ ಹಾಕಿದ್ದು ನನ್ನ ಹೆಂಡತಿ. ಅವಳು 'ನಂಗೆ ಬೇಡ, ನಾನು ಅಲ್ಲಿಗೆ ಹೋಗಿ ನೋಡ್ತೀನಿ' ಅಂದಳು. ನಾನು ಜಿಪುಣಿ ಅಂತ ಛೇಡಿಸಿದೆ. ಆ ಮಾತನ್ನು ಆರು ದಿನ ಅನುಭವಿಸಿದೆ.

ಮೊದಲ ದಿನ. ಬೂಟು ಹಾಕಿಕೊಳ್ಳುವುದಕ್ಕೇ ಅರ್ಧ ಗಂಟೆ. ಬಾಡಿಗೆ ಅಂಗಡಿಯವರು (ಹೆಸರು ಬೇಡ) ಕೊಟ್ಟ ಬೂಟು ಒಂದು ಸೈಜು ಚಿಕ್ಕದು, ಹೋಗಿ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಹನ್ನೊಂದು. ಆಮೇಲೆ ತರಬೇತಿ. ಕೆಂಪು ಜಾಕೆಟ್ ಹಾಕಿದ ಮೇಷ್ಟ್ರು ನಮ್ಮನ್ನು ಕರೆದುಕೊಂಡು ಹೋಗಿದ್ದು ಎಲ್ಲಿಗೆ ಗೊತ್ತಾ? ಮ್ಯಾಜಿಕ್ ಕಾರ್ಪೆಟ್‌ಗೆ. ಫ್ರಾನ್ಸಿನ ಸ್ಕೀ ಊರುಗಳಲ್ಲಿ ಕಲಿಯುವವರ ಜಾಗದ ಇಂಥ ಒಂದೆರಡು ಲಿಫ್ಟ್ ಬಹಳ ಕಡೆ ಪುಕ್ಕಟೆ. ಆ ದಿನ ನಾನೂ ಹೆಂಡತಿಯೂ ಒಂದೇ ಕಾರ್ಪೆಟ್ ಮೇಲೆ ನಿಂತು ಹತ್ತಿದೆವು, ಒಂದೇ ಜಾಗದಲ್ಲಿ ಬಿದ್ದೆವು. ನನ್ನ ಜೇಬಿನಲ್ಲಿ 600 ಕಿಲೋಮೀಟರ್, ಅವಳ ಜೇಬಿನಲ್ಲಿ ಸೊನ್ನೆ. ಸಾಗರದಿಂದ ಆನಂದಪುರಕ್ಕೆ ಓಡಾಡುವವನು ಇಡೀ ರಾಜ್ಯದ ಬಸ್ ಪಾಸ್ ಮಾಡಿಸಿಕೊಂಡ ಹಾಗಾಯಿತು.

ಎರಡನೇ ದಿನ, ಮೂರನೇ ದಿನ ಸ್ವಲ್ಪ ಮೇಲೆ ಹೋದೆವು. ಆಲ್ಟಿಪೋರ್ಟ್ ಅಂತ ಒಂದು ಜಾಗ, ಸಣ್ಣ ವಿಮಾನ ಇಳಿಯುವ ನೆಲ, ಅದರ ಸುತ್ತ ಮೆತ್ತಗಿನ ಹಸಿರು ದಾರಿಗಳು. ಫ್ರಾನ್ಸಿನಲ್ಲಿ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಅಂತ ಬಣ್ಣ. ಹಸಿರು ಎಲ್ಲಕ್ಕಿಂತ ಸುಲಭ, ಕಪ್ಪು ನಮ್ಮಂಥವರು ಕೆಳಗಿನಿಂದ ನೋಡಿ ಕೈ ಮುಗಿಯುವುದಕ್ಕೆ. ಇಲ್ಲಿಗೆ ಬರಲು ಪಾಸ್ ಬೇಕು, ಆದರೆ ಒಂದು ಕಣಿವೆಯ ಪಾಸ್ ಧಾರಾಳ ಸಾಕು. ಹೆಂಡತಿ ಬೇಕಾದ ದಿನಕ್ಕೆ ಮಾತ್ರ ತೆಗೆದುಕೊಂಡಳು. ಒಂದು ದಿನ ಮಧ್ಯಾಹ್ನದ ಅರ್ಧ ದಿನದ ಪಾಸ್. ನಾಲ್ಕನೇ ದಿನ ಮಂಡಿ ನೋವು ಅಂತ ಅವಳು ರೂಮಿನಲ್ಲಿ ಕೂತು ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಅನ್ನ ಉಂಡಳು, ಖರ್ಚು ಸೊನ್ನೆ. ನನಗೂ ಮಂಡಿ ನೋಯುತ್ತಿತ್ತು, ಆದರೆ ಪಾಸ್ ಓಡುತ್ತಿದೆಯಲ್ಲ! ಈ ಆರು ದಿನ ಅನ್ನುವುದು ಸಾಲಾಗಿ ಆರು ದಿನ, ನಡುವೆ ಬಿಟ್ಟರೆ ಆ ದಿನ ಹೋದಂತೆ. ಹಾಗಾಗಿ ನೋವು ನುಂಗಿಕೊಂಡು ಹೋಗಿ, ಎರಡು ಸಲ ಜಾರಿ, ಉಳಿದ ಹೊತ್ತು ಬಿಸಿ ಚಾಕೊಲೇಟ್ ಕುಡಿದೆ. ಮೂರೂ ಕಣಿವೆಯ ಪಾಸನ್ನು ಒಂದೊಂದೇ ದಿನಕ್ಕೆ ಕೊಂಡರೆ ದಿನಕ್ಕೆ ಸುಮಾರು 80 ಯೂರೋ ಆಗುತ್ತದೆ, ಆರು ದಿನದ್ದು ಸರಾಸರಿಯಲ್ಲಿ ಅಗ್ಗ, ಅದು ನಿಜ. ಆದರೆ ಆ ಲೆಕ್ಕ ಆರೂ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಸ್ಕೀ ಮಾಡುವವನಿಗೆ. ಮೊದಲ ಸಲ ಹೋದವನು ದಿನಕ್ಕೆ ಮೂರು ಗಂಟೆ ಮಾಡಿದರೆ ಜಾಸ್ತಿ.

ಇನ್ನೊಂದು, ನಾವು ಹೋದದ್ದು ಫ್ರಾನ್ಸಿನ ಶಾಲೆಗಳಿಗೆ ರಜೆ ಇರುವ ಹೊತ್ತಿನಲ್ಲಿ. ಅಲ್ಲಿ ದೇಶವನ್ನು ಮೂರು ವಲಯ ಮಾಡಿ ಫೆಬ್ರವರಿಯಿಂದ ಮಾರ್ಚ್ ಶುರುವಿನವರೆಗೆ ಸರದಿಯಲ್ಲಿ ರಜೆ ಕೊಡುತ್ತಾರೆ, ಆದರೂ ಲಿಫ್ಟ್ ಮುಂದೆ ಸಿಗಂದೂರು ಲಾಂಚಿಗೆ ಕಾಯುತ್ತಿದ್ದ ಕಾಲದ ಹಾಗೇ ಸಾಲು. ಸಾಲಿನಲ್ಲೇ ಹೊತ್ತು ಹೋದರೆ ದೊಡ್ಡ ಪಾಸ್ ಇದ್ದೂ ಏನು ಬಂತು.

ಐದನೇ ದಿನ ತಮ್ಮನಿಗೆ ಪಾಪ ಅನ್ನಿಸಿರಬೇಕು. 'ಬಾ ಅಣ್ಣಾ, ಪಕ್ಕದ ಕಣಿವೆ ತೋರಿಸ್ತೀನಿ' ಅಂತ ಕರೆದ. ಗೊಂಡೋಲಾದಲ್ಲಿ ಸೋಲೀರ್ ಅನ್ನುವ ತುದಿಗೆ ಹೋದೆವು, ಸುಮಾರು 2,700 ಮೀಟರ್. ಅಲ್ಲಿ ನಿಂತರೆ ಈ ಕಡೆ ಮೆರಿಬೆಲ್, ಆ ಕಡೆ ಕೂರ್ಶ್ವೆಲ್. ಬಿಸಿಲು ಬಿದ್ದಿತ್ತು, ಒಂದು ಮೋಡ ಇಲ್ಲ. ಆ ಒಂದು ನೋಟಕ್ಕೆ ಏನೂ ಹೇಳಲ್ಲ, ದುಡ್ಡಿನ ಮಾತು ಆಡಬಾರದು ಅನ್ನಿಸಿತು. ಆಮೇಲೆ ಇಳಿಯಬೇಕಲ್ಲ. ತಮ್ಮ ಮುಂದೆ, ನಾನು ಹಿಂದೆ, ಅರ್ಧ ಸ್ಕೀಯಲ್ಲಿ ಅರ್ಧ ಕುಂಡೆಯ ಮೇಲೆ. ಬಿದ್ದದ್ದು ಎಷ್ಟು ಸಲ ಅಂತ ಒಂಬತ್ತರ ಮೇಲೆ ಎಣಿಸಲಿಲ್ಲ. ಕೆಳಗೆ ಮುಟ್ಟುವಷ್ಟರಲ್ಲಿ ಒಂದೂವರೆ. ಊಟ ಮಾಡಿ ಇನ್ನೊಂದು ಸುತ್ತು ಹೋಗೋಣ ಅಂದುಕೊಂಡರೆ ತಮ್ಮ ಗಡಿಯಾರ ನೋಡುತ್ತಾ, ವಾಪಸ್ ಹೋಗೋಣ ಅಂದ. ಕಣಿವೆ ದಾಟಿಸುವ ಕೊನೆಯ ಲಿಫ್ಟ್‌ಗಳು ನಾಲ್ಕು, ನಾಲ್ಕೂವರೆ ಹೊತ್ತಿಗೆಲ್ಲ ನಿಲ್ಲುತ್ತವೆ, ಗಾಳಿ ಜೋರಾದರೆ ಅದಕ್ಕೂ ಮುಂಚೆ. ತಪ್ಪಿಸಿಕೊಂಡರೆ ಟ್ಯಾಕ್ಸಿ. ವಾಲ್ ತೊರಾನ್ಸ್ ಕಡೆ ಸಿಕ್ಕಿಕೊಂಡರಂತೂ ರಸ್ತೆಯಲ್ಲಿ ಮೂತಿಯೆಗೆ ಪೂರ್ತಿ ಇಳಿದು ಮತ್ತೆ ಈ ಕಡೆ ಹತ್ತಬೇಕು, ನೆತ್ತಿ ಬಿಸಿಯಾಗುವಷ್ಟು ಬಿಲ್. ನನ್ನ ವೇಗ ನೋಡಿ ಅವನಿಗೆ ಭಯ. ಮೂರೂ ಕಣಿವೆಯ ಪಾಸನ್ನು ನಾನು ಸಾರ್ಥಕ ಮಾಡಿದ್ದು ಅಷ್ಟೇ: ಒಂದು ಅರ್ಧ ದಿನ, ಒಂದೇ ಒಂದು ಪಕ್ಕದ ಕಣಿವೆ.

ಹೊಟ್ಟೆ ಉರಿದದ್ದು ಆಮೇಲೆ. ಟಿಕೆಟ್ ಕೌಂಟರಿನಲ್ಲಿ ನನ್ನ ಹೆಂಡತಿ ವಿಚಾರಿಸಿಕೊಂಡು ಬಂದಳು. ಒಂದು ಕಣಿವೆಯ ಪಾಸ್ ಇರುವವರು ಬೇಕಾದ ಒಂದು ದಿನಕ್ಕೆ ಮಾತ್ರ ಸ್ವಲ್ಪ ಹೆಚ್ಚಿಗೆ ಕೊಟ್ಟು ಮೂರೂ ಕಣಿವೆಗೆ ವಿಸ್ತರಿಸಿಕೊಳ್ಳಬಹುದಂತೆ. ಇದನ್ನು ನೀವು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಸಣ್ಣದು ತಗೊಂಡು ದೊಡ್ಡದು ಮಾಡಿಕೊಳ್ಳಬಹುದು, ನನ್ನ ಹಾಗೆ ದೊಡ್ಡದು ತಗೊಂಡವನಿಗೆ ಯಾರೂ ಚಿಲ್ಲರೆ ವಾಪಸ್ ಕೊಡುವುದಿಲ್ಲ.

ತಮ್ಮನಿಗೆ ಆ ಪಾಸ್ ಸರಿಯಾಗೇ ಇದೆ, ಅದನ್ನೂ ಹೇಳಬೇಕು. ಅವನು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ವಾಲ್ ತೊರಾನ್ಸ್ ಮುಟ್ಟಿ, ಅಲ್ಲಿ ಕಾಫಿ ಕುಡಿದು, ಇನ್ನೊಂದು ದಾರಿಯಲ್ಲಿ ಬರುತ್ತಾನೆ. ಅಲ್ಲಿ ಊರೇ 2,300 ಮೀಟರ್‌ನಲ್ಲಿದೆ, ಕೆಳಗಿನ ಕಣಿವೆಗಳಲ್ಲಿ ಹಿಮ ಕರಗಿ ರೊಚ್ಚೆಯಾದರೂ ಅಲ್ಲಿ ಗಟ್ಟಿ ಇರುತ್ತದೆ. ನೀಲಿ ದಾರಿಯಲ್ಲಿ ಹೆದರದೆ, ಬೀಳದೆ, ದಿನಕ್ಕೆ ಐದು ಗಂಟೆ ಇಳಿಯುವವರು ಕಣ್ಣು ಮುಚ್ಚಿ ದೊಡ್ಡ ಪಾಸ್ ತಗೊಳ್ಳಿ. ಅವನ ಮಗಳಿಗೆ ಎಂಟು ವರ್ಷ, ಮಕ್ಕಳ ದರ. ಮಗನಿಗೆ ನಾಲ್ಕು, ಐದರ ಒಳಗಿನವರಿಗೆ ಪುಕ್ಕಟೆ, ಆದರೆ ಪುಕ್ಕಟೆ ಅಂತ ಹಾಗೇ ನುಗ್ಗುವ ಹಾಗಿಲ್ಲ, ವಯಸ್ಸಿನ ದಾಖಲೆ ತೋರಿಸಿ ಪಾಸ್ ಮಾಡಿಸಿಕೊಳ್ಳಬೇಕು. ಮನೆಮಂದಿಯೆಲ್ಲ ಒಂದೇ ಸಲ ಒಟ್ಟಿಗೆ ಕೊಂಡರೆ ರಿಯಾಯಿತಿ ಇರುತ್ತದೆ, ಬೇರೆ ಬೇರೆ ಕೊಂಡು ಆಮೇಲೆ ಕೇಳಿದರೆ ಇಲ್ಲ.

ಎಲ್ಲರಿಗಿಂತ ಒಳ್ಳೆ ಪಾಸ್ ಕೊಂಡವರು ನಮ್ಮ ಅಮ್ಮ. ಅರವತ್ತೆಂಟು ವರ್ಷ, ಸೀರೆ, ಅದರ ಮೇಲೆ ತಮ್ಮನ ಹೆಂಡತಿಯ ಉದ್ದ ಜಾಕೆಟ್, ಕಾಲಿಗೆ ದಪ್ಪ ಬೂಟು. ನಡೆಯುವವರ ಪಾಸ್ ಅಂತ ಒಂದಿದೆ. ಸ್ಕೀ ಇಲ್ಲದವರನ್ನು ಕೂರಿಸಿಕೊಳ್ಳುವ ಗೊಂಡೋಲಾಗಳಲ್ಲಿ ಹೋಗಿ ಬರಬಹುದು, ಬೆಲೆ ನನ್ನ ಪಾಸಿನ ಹತ್ತಿರಕ್ಕೂ ಬರುವುದಿಲ್ಲ. ತಮ್ಮನ ಹೆಂಡತಿ 'ಅತ್ತೆ, ಬನ್ನಿ' ಅಂತ ದಿನಾ ಒಂದು ಸಲ ಮೇಲೆ ಕರೆದುಕೊಂಡು ಹೋಗುತ್ತಿದ್ದಳು. ಅಮ್ಮ ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತು, ಮನೆಯಿಂದ ತಂದ ತೊಡೆದೇವು ಮುರಿದು ಪಕ್ಕದ ಫ್ರೆಂಚ್ ಅಜ್ಜಿಗೂ ಕೊಟ್ಟು, ನಾನು ಬೀಳುವುದನ್ನು ನೋಡುತ್ತಿದ್ದರು. ಐದಕ್ಕೆ ಐದು ಅಂಕ ಈ ಪಾಸಿಗೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಮರೆಯಬೇಡಿ, ಇಲ್ಲವಾದರೆ ಅವರು ವಾರವೆಲ್ಲ ರೂಮಿನಲ್ಲಿ ಹೀಟರ್ ಮುಂದೆ ಕೂರುತ್ತಾರೆ.

ವಿಮೆ ಬಗ್ಗೆ ಜಿಪುಣತನ ಬೇಡ. ಪಾಸ್ ಕೊಳ್ಳುವಾಗಲೇ 'ಕಾರೆ ನೇಜ್' ಅಂತ ಕೇಳುತ್ತಾರೆ, ದಿನಕ್ಕೆ ಮೂರ್ನಾಲ್ಕು ಯೂರೋ. ಅಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಬೆಟ್ಟದಿಂದ ಕೆಳಗೆ ಇಳಿಸಿದ್ದಕ್ಕೂ ಬಿಲ್ ಬರುತ್ತದೆ. ಇಲ್ಲಿ ಮಾಡಿಸಿಕೊಂಡು ಹೋಗುವ ಪ್ರವಾಸದ ವಿಮೆಯಲ್ಲಿ ಸ್ಕೀ ಬಹಳ ಸಲ ಸೇರಿರುವುದಿಲ್ಲ, ಓದಿ ನೋಡಿ. ಪಾಸಿನ ಕಾರ್ಡನ್ನು ಎಡಗಡೆಯ ಜೇಬಿನಲ್ಲಿ ಇಡಿ, ಲಿಫ್ಟ್ ಗೇಟಿನಲ್ಲಿ ಅದನ್ನು ಓದುವ ಯಂತ್ರ ಎಡಕ್ಕಿರುತ್ತದೆ, ಮೊಬೈಲ್ ಅದರ ಜೊತೆ ಬೇಡ. ನಾನು ಬಲಗಡೆ ಇಟ್ಟುಕೊಂಡು ಗೇಟಿಗೆ ಸೊಂಟ ತಿರುಗಿಸಿ ತಿರುಗಿಸಿ ತೋರಿಸುವಾಗ ಹಿಂದಿದ್ದ ಹುಡುಗರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ತರಬೇತಿಯ ದುಡ್ಡಿನಲ್ಲಿ ಪಾಸ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಅದಕ್ಕೇ ಮೊದಲ ದಿನ ಪಾಸ್ ಬೇಕಾ ಅಂತ ಮೇಷ್ಟ್ರನ್ನೇ ಕೇಳಿ, ಅವರು ಸತ್ಯ ಹೇಳುತ್ತಾರೆ.

ಫ್ರಾನ್ಸ್ ಎಲ್ಲ ನಮಗ್ಯಾಕೆ, ಗುಲ್ಮಾರ್ಗ್‌ಗೆ ಹೋಗ್ತೀವಿ ಅನ್ನುವವರಿಗೂ ಇದೇ ಮಾತು. ಅಲ್ಲಿಯ ಗೊಂಡೋಲಾಕ್ಕೆ ಎರಡು ಹಂತ, ಟಿಕೆಟ್ ಬೇರೆ ಬೇರೆ. 1998ರ ಮೊದಲ ಹಂತ ಗುಲ್ಮಾರ್ಗ್‌ನಿಂದ ಕೊಂಗ್‌ದೂರಿಗೆ, 2005ರ ಎರಡನೆಯದು ಅಲ್ಲಿಂದ ಅಫರ್ವತ್ ಬೆಟ್ಟದ ಮೇಲಕ್ಕೆ. ಕಟ್ಟಿದ್ದು ಫ್ರಾನ್ಸಿನ ಪೋಮಾ ಕಂಪನಿ. ನನ್ನನ್ನು ಮೆರಿಬೆಲ್‌ನಲ್ಲಿ ಎರಡು ಸಲ ಬೀಳಿಸಿದ ಬಟನ್ ಲಿಫ್ಟ್‌ಗೂ ಅದೇ ಹೆಸರು, ಪೋಮಾ ಅಂತಲೇ ಕರೆಯುತ್ತಾರೆ. ಎರಡನೇ ಹಂತದ ಮೇಲಿನ ಇಳಿಜಾರು ಹದ ಮಾಡಿದ ದಾರಿಯಲ್ಲ, ಹಿಮ ಕುಸಿಯುವ ಜಾಗ, ಪಳಗಿದವರಿಗೆ ಮಾತ್ರ. ಕಲಿಯುವವರಿಗೆ ಗುಲ್ಮಾರ್ಗ್‌ನ ಕೆಳಗಿನ ಇಳಿಜಾರು, ಅಲ್ಲಿಯ ಎಳೆಯುವ ಲಿಫ್ಟ್ ಸಾಕು. ಮೇಲೆ ಹೋಗುವ ಆಸೆ ಇದ್ದರೆ ಸ್ಕೀ ಕೆಳಗಿಟ್ಟು ನಮ್ಮಮ್ಮನ ಹಾಗೆ ಹೋಗಿ ನೋಡಿಕೊಂಡು ಬನ್ನಿ.

ಮುಂದಿನ ವರ್ಷಕ್ಕೂ ತಮ್ಮ ಕರೆದಿದ್ದಾನೆ. ಹಳೆಯ ಕಾರ್ಡನ್ನೇ ಮತ್ತೆ ತುಂಬಿಸಿಕೊಳ್ಳಬಹುದು ಅಂತ ಅದನ್ನು ಅಡಿಕೆ ಮಾರಿದ ಪಟ್ಟಿಗಳ ಜೊತೆ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಈ ಸಲ ಹೆಂಡತಿಗೆ ಒಂದು ಕಣಿವೆಯ ಪಾಸ್, ನನಗೂ ಅಮ್ಮನಿಗೂ ನಡೆಯುವವರ ಪಾಸ್ ಅಂತ ಹೇಳಿ ಕಳಿಸಿದ್ದೇನೆ. ಅವನಿನ್ನೂ ಉತ್ತರ ಕೊಟ್ಟಿಲ್ಲ, ನಗುತ್ತಿರಬೇಕು.