ವಿಶೇಷ ವಿವಾಹ ನೋಂದಣಿ: ಎರಡು ಕಚೇರಿ, ಒಂದೇ ಕಾಯ್ದೆ

ಮೊದಲ ಕಚೇರಿಗೆ ಒಂದು ನಕ್ಷತ್ರ. ಎರಡನೆಯದಕ್ಕೆ ನಾಲ್ಕು. ಎರಡೂ ನಮ್ಮ ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಗಳೇ. ಎರಡು ಕಡೆಯೂ ಅದೇ ಕಾವೇರಿ ತಂತ್ರಾಂಶ, ಹೊರಗೆ ಅದೇ ಪತ್ರ ಬರಹಗಾರರ ಮೇಜುಗಳು, ಗೋಡೆಯ ಮೇಲೆ ಅದೇ ಬಸವಣ್ಣನವರ ಫೋಟೊ. ಹೋದ ಕೆಲಸವೂ ಒಂದೇ. 1954ರ ವಿಶೇಷ ವಿವಾಹ ಕಾಯ್ದೆಯಡಿ ನನ್ನ ತಂಗಿಯ ಮಗಳ ಮದುವೆ. ಒಂದು ಕಡೆ ತಿಂಗಳುಗಟ್ಟಲೆ ಅಲೆದರೂ ಆಗಲಿಲ್ಲ. ಇನ್ನೊಂದು ಕಡೆ, ಮದುವೆಯಾಗುತ್ತೇವೆ ಅಂತ ನೋಟಿಸು ಕೊಟ್ಟ 33ನೇ ದಿನ ಆಯಿತು. ಊರು, ಕಚೇರಿಗಳ ಹೆಸರು ಬರೆಯುವುದಿಲ್ಲ. ಈ ಸೇವೆ ಹೇಗಿರುತ್ತೆ, ಎಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನುವುದು ಮುಂದೆ ಹೋಗುವವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಾನು 31 ವರ್ಷ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದವಳು. ಕಡತ ಹೇಗೆ ನಡೆಯುತ್ತೆ, ಹೇಗೆ ನಿಲ್ಲುತ್ತೆ, ಎರಡೂ ಗೊತ್ತು. ದಿನಾ ಇಷ್ಟಲಿಂಗ ಪೂಜೆ ಮಾಡಿಯೇ ಮನೆಯಿಂದ ಹೊರಗೆ ಕಾಲಿಡುವವಳು. ಈ ಮದುವೆ ವಿಷಯ ಮೊದಲು ಕಿವಿಗೆ ಬಿದ್ದಾಗ ನನಗೆ ಖುಷಿಯಾಗಿರಲಿಲ್ಲ. ಹುಡುಗ ಬೇರೆ ಧರ್ಮದವನು. ಒಂದು ವರ್ಷ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವನನ್ನು ಕಂಡೆ, ಮಾತಾಡಿಸಿದೆ, ಮನಸ್ಸು ತಿರುಗಿತು. ಅವನು ಯಾವ ಧರ್ಮದವನು ಅಂತ ಇಲ್ಲಿ ಹೇಳುತ್ತಿಲ್ಲ. ಕಾಯ್ದೆಯ ನೋಟಿಸಿನ ನಮೂನೆಯಲ್ಲೇ ಆ ಅಂಕಣ ಇಲ್ಲ. ಹೆಸರು, ಅವಿವಾಹಿತರೋ ಅಲ್ಲವೋ, ಉದ್ಯೋಗ, ವಯಸ್ಸು, ವಾಸದ ಸ್ಥಳ, ಅಲ್ಲಿ ಎಷ್ಟು ದಿನದಿಂದ ಇದ್ದಾರೆ. ಕೇಳುವುದು ಇಷ್ಟೇ.

ಮೊದಲ ಕಚೇರಿಯಲ್ಲಿ ಅಧಿಕಾರಿ ಕೇಳಿದ್ದು ಮಾತ್ರ ಬೇರೆ. ಯಾವ ಜಾತಿ? ತಂದೆ ತಾಯಿಗೆ ಗೊತ್ತಾ? ಓದಿದ ಹುಡುಗಿ, ನಿಮಗ್ಯಾಕಮ್ಮ ಇದು? ಹುಡುಗಿಗೆ 26, ಹುಡುಗನಿಗೆ 29. ವಯಸ್ಸಿನ ದಾಖಲೆಯನ್ನು ಅವರು ತಿರುಗಿಸಿಯೂ ನೋಡಲಿಲ್ಲ.

ಅವರು ಒರಟರಲ್ಲ. ಇದನ್ನು ಹೇಳಲೇಬೇಕು. ನನ್ನನ್ನು ಕೂರಿಸಿ, ನೀರು ತರಿಸಿ, ಮೆಲ್ಲಗೆ ಹೇಳಿದರು. "ನಮ್ಮಲ್ಲಿ ಮದುವೆ ಅಂದ್ರೆ ಸಂಸ್ಕಾರ ಅಮ್ಮ. ಇದಕ್ಕೆ ನಾನು ಸಹಿ ಹಾಕಿದ್ರೆ ಆ ಪಾಪ ನನ್ನ ಮಕ್ಕಳಿಗೆ ಸುತ್ಕೊಳ್ಳುತ್ತೆ." ಹೇಳುವಾಗ ಅವರ ಮುಖದಲ್ಲಿ ನಿಜವಾದ ಭಯ ಇತ್ತು. ಲಂಚಕ್ಕೆ ಆಟ ಆಡಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು ಅಂಥವರಲ್ಲ. ನಂಬಿಕೆ ಇದ್ದ ಮನುಷ್ಯ. ಅದಕ್ಕೇ ನನಗೆ ಜಾಸ್ತಿ ನೋವಾಗಿದ್ದು.

ನಾನು ಒಂದೇ ಮಾತು ಕೇಳಿದೆ. "ಸರಿ ಸಾರ್, ಆಗಲ್ಲ ಅಂತ ಹಿಂಬರಹ ಕೊಡಿ." ಅರ್ಜಿಯನ್ನು ಯಾಕೆ ತಿರಸ್ಕರಿಸಿದೆವು ಅಂತ ಕಚೇರಿ ಬರೆದು, ಸಹಿ ಹಾಕಿ ಕೊಡುವ ಕಾಗದ ಅದು. ಅವರು ಕೊಡಲಿಲ್ಲ. ಬದಲಿಗೆ ಪಟ್ಟಿ ಬಂತು. ತಂದೆ ತಾಯಿಯ ಒಪ್ಪಿಗೆ ಪತ್ರ ತನ್ನಿ. ಪೊಲೀಸರಿಂದ ನಿರಾಕ್ಷೇಪಣಾ ಪತ್ರ ತನ್ನಿ. ಜಿಲ್ಲಾಧಿಕಾರಿಯ ಅನುಮತಿ ತನ್ನಿ. ಇದರಲ್ಲಿ ಒಂದನ್ನೂ ಕಾಯ್ದೆ ಕೇಳುವುದಿಲ್ಲ. ಇಬ್ಬರಿಗೂ ಜೀವಂತ ಗಂಡನೋ ಹೆಂಡತಿಯೋ ಇರಬಾರದು. ಒಪ್ಪಿಗೆ ಕೊಡುವ ಮನಸ್ಥಿತಿ ಸರಿಯಿರಬೇಕು. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ನಿಷೇಧಿತ ರಕ್ತಸಂಬಂಧ ಇರಬಾರದು. ನಾಲ್ಕನೇ ಕಲಮಿನ ಸಾರ ಇದು. ಜಿಲ್ಲಾಧಿಕಾರಿಯ ಮಾತು ಎಲ್ಲಿಂದ ಬಂತು ಅಂದರೆ ಮತಾಂತರದ ಕಾನೂನಿನಿಂದ. ಇಲ್ಲಿ ಯಾರೂ ಮತ ಬದಲಿಸುತ್ತಿರಲಿಲ್ಲ. ಬದಲಿಸದೆ ಮದುವೆಯಾಗಲಿ ಅಂತಲೇ ಅಲ್ವಾ ಈ ಕಾಯ್ದೆ ಇರುವುದು? 1872ರ ಹಳೇ ಕಾಯ್ದೆಯಲ್ಲಿ "ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ" ಅಂತ ಬರೆದುಕೊಡಬೇಕಿತ್ತು. 1954ರಲ್ಲಿ ಆ ಮಾತನ್ನೇ ತೆಗೆದರು.

ನಾಲ್ಕನೇ ಸಲ ಹೋದಾಗ ನೋಟಿಸು ತೆಗೆದುಕೊಂಡರು. ಯಾರದಾದರೂ ತಕರಾರು ಇದ್ದರೆ 30 ದಿನದೊಳಗೆ ಹಾಕಲಿ ಅಂತ ಫಲಕಕ್ಕೆ ಅಂಟಿಸಿದರು. ಮೂರೇ ದಿನಕ್ಕೆ ಅದರ ಫೋಟೊ ನನ್ನ ತಂಗಿಯ ಬೀದಿಯವರ ವಾಟ್ಸಾಪಿನಲ್ಲಿತ್ತು. ಯಾರು ತೆಗೆದರು ಅಂತ ಗೊತ್ತಿಲ್ಲ, ಯಾರ ಮೇಲೂ ಹೊರಿಸುವುದಿಲ್ಲ. ವಾಸದ ವಿಳಾಸದ ಸಮೇತ ಅಂಟಿಸಿದ್ದು, ಯಾರು ಬೇಕಾದರೂ ತೆಗೆಯಬಹುದು. 28ನೇ ದಿನ ಒಂದು ತಕರಾರು ಅರ್ಜಿ ಬಂತು. ಕಾರಣ: ಇಬ್ಬರ ಧರ್ಮ ಬೇರೆ ಬೇರೆ. ನಾಲ್ಕನೇ ಕಲಮಿಗೆ ವಿರುದ್ಧವಾದ ಕಾರಣ ಇದ್ದರೆ ಮಾತ್ರ ತಕರಾರು ನಿಲ್ಲುತ್ತೆ. ಇದು ನಿಲ್ಲುವಂಥದ್ದಲ್ಲ. ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನ ಹೇಳಬೇಕು. ತಕರಾರು ಸುಮ್ನೆ ತೊಂದರೆ ಕೊಡಲು ಹಾಕಿದ್ದು ಅಂತ ಕಂಡರೆ ಹಾಕಿದವರಿಗೆ 1,000 ರೂಪಾಯಿವರೆಗೆ ಖರ್ಚು ಹೊರಿಸುವ ಅಧಿಕಾರವೂ ಅವರಿಗಿದೆ.

ಅವರು ಏನೂ ಮಾಡಲಿಲ್ಲ. ವಿಚಾರಣೆಗೆ ಕರೆಯಲಿಲ್ಲ. "ಮುಂದಿನ ವಾರ ಬನ್ನಿ." "ಸಾಹೇಬ್ರು ಮೀಟಿಂಗಲ್ಲಿದಾರೆ." "ಸರ್ವರ್ ಇಲ್ಲ."

ಇದರ ಒಳಗುಟ್ಟು ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಧಿಕಾರಿ ತಕರಾರನ್ನು ಎತ್ತಿಹಿಡಿದು ಮದುವೆ ಮಾಡಿಸುವುದಿಲ್ಲ ಅಂತ ಆದೇಶ ಬರೆದರೆ, ನೀವು 30 ದಿನದಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಆದೇಶವೇ ಬರೆಯದಿದ್ದರೆ? ಮೇಲ್ಮನವಿ ಯಾವುದರ ಮೇಲೆ ಹಾಕುತ್ತೀರಿ? ಇನ್ನೊಂದು ಕಡೆ, ನೋಟಿಸು ಕೊಟ್ಟ ಮೂರು ತಿಂಗಳಲ್ಲಿ ಮದುವೆ ಆಗದಿದ್ದರೆ ಆ ನೋಟಿಸು ಸತ್ತಂತೆ. ಮತ್ತೆ ಮೊದಲಿನಿಂದ ಶುರು. ಹಾಗಾಗಿ ಇಲ್ಲ ಅನ್ನದೆಯೇ ಇಲ್ಲ ಅನ್ನಬಹುದು. ಕೈ ಕಟ್ಟಿ ಕೂತರೆ ಸಾಕು, ಉಳಿದದ್ದನ್ನು ಕ್ಯಾಲೆಂಡರ್ ಮಾಡುತ್ತೆ. ನಮಗೆ ಆಗಿದ್ದು ಅದೇ. ಹೈಕೋರ್ಟಿಗೆ ರಿಟ್ ಹಾಕುವ ದಾರಿ ಇತ್ತು. ಆದರೆ ಮಕ್ಕಳಿಬ್ಬರೂ ಅಷ್ಟರಲ್ಲಿ ಸೋತು ಹೋಗಿದ್ದರು.

ಆ ಅಧಿಕಾರಿಯ ಮನಸ್ಸು ನನಗೆ ಅರ್ಥವಾಗುತ್ತೆ. ನನ್ನ ಅಪ್ಪ ಕುಡಿತದಿಂದಲೇ ತೀರಿಕೊಂಡರು. ಮಠದಲ್ಲಿ ಸ್ವಾಮಿಗಳ ಮುಂದೆ ನಿಂತು, ಹೆಂಡದ ವ್ಯಾಪಾರಕ್ಕೆ ಕೈ ಹಾಕುವುದಿಲ್ಲ ಅಂತ ನಮ್ಮಮ್ಮ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದರು. ನೌಕರಿಗೆ ಸೇರಿದ ಆರನೇ ವರ್ಷ ಮದ್ಯದಂಗಡಿಯ ಒಂದು ಕಡತ ನನ್ನ ಮೇಜಿಗೇ ಬಂತು. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ತಹಶೀಲ್ದಾರರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಪಕ್ಕದ ವಿಷಯ ನಿರ್ವಾಹಕರಿಗೆ ಅವತ್ತೇ ವರ್ಗಾಯಿಸಿದರು. ಅವರ ಒಂದು ಕಡತವನ್ನು ನನಗೆ ಕೊಟ್ಟರು. ಅಂಗಡಿಯವನಿಗೆ ನನ್ನ ಸಂಕಟದ ಸುದ್ದಿಯೂ ಗೊತ್ತಾಗಲಿಲ್ಲ. ಆದರೆ ಆ ಎರಡು ದಿನ ಇವತ್ತಿಗೂ ನನ್ನನ್ನು ಚುಚ್ಚುತ್ತೆ. ನನ್ನ ಮಾತು ನಾನು ಉಳಿಸಿಕೊಳ್ಳಬೇಕು ಅಂದಿದ್ದರೆ ಮೊದಲ ದಿನವೇ ಎದ್ದು ಹೋಗಿ ಹೇಳಬೇಕಿತ್ತು. ಪಕ್ಕದವರೂ ಇಲ್ಲ, ನಾನೇ ಮಾಡಬೇಕು ಅಂದಿದ್ದರೆ? ಮಾಡಬೇಕಿತ್ತು, ಇಲ್ಲವೇ ಆ ಕುರ್ಚಿ ಬಿಡಬೇಕಿತ್ತು.

ಆಮೇಲೆ ಹುಡುಕಿ ಓದಿದೆ, ಹೊರದೇಶಗಳಲ್ಲೂ ಇದೇ ಜಗಳ ನಡೆದಿದೆ. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಲಿಲಿಯನ್ ಲಡೆಲೆ ಅನ್ನುವ ನೋಂದಣಾಧಿಕಾರಿ ತಮ್ಮ ಕ್ರೈಸ್ತ ನಂಬಿಕೆಯ ಕಾರಣಕ್ಕೆ ಸಲಿಂಗ ಜೋಡಿಗಳ ನೋಂದಣಿ ಮಾಡಲಾರೆ ಅಂದರು. ಮೊದಮೊದಲು ಸಹೋದ್ಯೋಗಿಗಳ ಜೊತೆ ಕೆಲಸ ಅದಲು ಬದಲು ಮಾಡಿಕೊಂಡು ನಡೆಸಿದರು. ಆಮೇಲೆ ಕಚೇರಿ ಒಪ್ಪಲಿಲ್ಲ. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಅವರು ಸೋತರು. ಅಮೆರಿಕದ ಕೆಂಟಕಿಯಲ್ಲಿ ಕಿಮ್ ಡೇವಿಸ್ ಅನ್ನುವ ಅಧಿಕಾರಿ ಸಲಿಂಗ ಮದುವೆ ಒಪ್ಪದೆ 2015ರಲ್ಲಿ ಮದುವೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿ, ಕೋರ್ಟಿನ ಆದೇಶಕ್ಕೂ ಬಗ್ಗದೆ 5 ದಿನ ಜೈಲಿನಲ್ಲಿದ್ದರು. ಆಗ ಅವರ ಕೈಕೆಳಗಿನವರು ಪರವಾನಗಿ ಕೊಟ್ಟರು. ಮರುವರ್ಷ ಆ ರಾಜ್ಯ ಪರವಾನಗಿಯ ನಮೂನೆಯಿಂದ ಅಧಿಕಾರಿಯ ಹೆಸರನ್ನೇ ತೆಗೆಯಿತು. ಆ ಕೊನೆಯ ವಿಷಯ ನನಗೆ ಹಿಡಿಸಿತು. ಅಧಿಕಾರಿಯ ಮನಸ್ಸಿಗೂ ಒಂದು ದಾರಿ, ಜನರ ಕೆಲಸವೂ ನಿಲ್ಲದು.

ಇವರಿಬ್ಬರೂ ಒಂದು ವಿಷಯದಲ್ಲಿ ನಮ್ಮ ಸಾಹೇಬರಿಗಿಂತ ಮೇಲು. ಆಗಲ್ಲ ಅಂತ ಬಾಯಿಬಿಟ್ಟು ಹೇಳಿದರು, ಅದರ ಪರಿಣಾಮ ತಾವೇ ಹೊತ್ತರು. ನಮ್ಮವರ ನಂಬಿಕೆಯ ಖರ್ಚನ್ನು ಹೊತ್ತದ್ದು 26 ವರ್ಷದ ಹುಡುಗಿ. ನಮ್ಮ ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತೆ. ಅದು ಆ ಅಧಿಕಾರಿಗೂ ಇದೆ. ಆದರೆ ಆ ವಿಧಿ ಶುರುವಾಗುವುದೇ ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಅನ್ನುವ ಮಾತಿನಿಂದ. ಇಷ್ಟಪಟ್ಟವರನ್ನು ಮದುವೆಯಾಗುವುದು 21ನೇ ವಿಧಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹಾದಿಯಾ ಪ್ರಕರಣದಲ್ಲಿ ಹೇಳಿದೆ. ಮನೆಯಲ್ಲಿ ಅವರು ಮಗಳಿಗೆ ಏನು ಬೇಕಾದರೂ ಬುದ್ಧಿ ಹೇಳಲಿ. ಮೊಹರು ಅವರ ಮನೆಯದಲ್ಲ.

ಇನ್ನು ಎರಡನೇ ಕಚೇರಿ. ಹುಡುಗ ಕೆಲಸ ಮಾಡುವ ಊರು, ಬೇರೆ ಜಿಲ್ಲೆ. ಇಬ್ಬರಲ್ಲಿ ಒಬ್ಬರು 30 ದಿನದಿಂದ ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು. ಅವನು ಎರಡು ವರ್ಷದಿಂದ ಇದ್ದ. ಹುಡುಗಿಯ ಖಾಯಂ ವಿಳಾಸ ನಮ್ಮ ಜಿಲ್ಲೆಯಾದ್ದರಿಂದ ನೋಟಿಸಿನ ಪ್ರತಿ ಮತ್ತೆ ನಮ್ಮೂರ ಫಲಕಕ್ಕೇ ಹೋಗುತ್ತೆ, ಅದೂ ಕಾಯ್ದೆಯಲ್ಲೇ ಇದೆ. ಎದೆ ಡವಡವ ಅನ್ನುತ್ತಿತ್ತು. ಈ ಸಲ ಯಾರೂ ತಕರಾರು ಹಾಕಲಿಲ್ಲ.

ಇಲ್ಲಿನ ಅಧಿಕಾರಿಯನ್ನು ನೋಡಿದ ಕೂಡಲೇ ನನಗೆ ಅಳುಕಾಯಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮೇಜಿನ ಗಾಜಿನ ಕೆಳಗೆ ನಾಲ್ಕೈದು ದೇವರ ಚಿತ್ರ. ಇವರೂ ಅದೇ ಪಾಠ ಶುರು ಮಾಡುತ್ತಾರೆ ಅಂದುಕೊಂಡೆ. ಅವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದುಕೊಂಡು ಹುಟ್ಟಿದ ದಿನ ನೋಡಿದರು. ಬಾಡಿಗೆ ಕರಾರು ಓದಿದರು. ಮೊದಲು ಮದುವೆಯಾಗಿತ್ತಾ ಅಂತ ಇಬ್ಬರನ್ನೂ ಕೇಳಿದರು. ಮೂವರು ಸಾಕ್ಷಿ ಯಾರು ಅಂತ ಕೇಳಿದರು. ನೋಟಿಸು ಪುಸ್ತಕದಲ್ಲಿ ನಮೂದಿಸಿ ದಿನಾಂಕ ಹಾಕಿದರು. ಹತ್ತೇ ನಿಮಿಷ.

ಮದುವೆಯ ದಿನ ಹುಡುಗನ ಅಣ್ಣ, ಹುಡುಗಿಯ ಆಫೀಸಿನ ಗೆಳತಿ ಮತ್ತು ನಾನು ಸಾಕ್ಷಿಗಳು. ಪ್ರಮಾಣದ ಮಾತನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ಕನ್ನಡದಲ್ಲೇ ಹೇಳಿ ಅಂತ ಅವರೇ ಅಂದರು. ಗಟ್ಟಿಯಾಗಿ ಹೇಳಿ, ಸಾಕ್ಷಿಗಳಿಗೆ ಕೇಳಬೇಕು ಅಂತಲೂ ಅಂದರು. "ನಾನು ನಿನ್ನನ್ನು ನನ್ನ ಕಾನೂನುಬದ್ಧ ಗಂಡನಾಗಿ ಸ್ವೀಕರಿಸುತ್ತೇನೆ" ಅನ್ನುವಾಗ ನಮ್ಮ ಹುಡುಗಿಯ ದನಿ ನಡುಗಿತು. ಅವರು ತಲೆ ಎತ್ತದೆ ಕಾದರು. ಅವಳು ಮತ್ತೊಮ್ಮೆ ಪೂರ್ತಿ ಹೇಳಿದಳು.

ಎಲ್ಲ ಸಹಿ ಮುಗಿದು ನಾನು ಕೊನೆಯವಳಾಗಿ ಎದ್ದಾಗ ಅವರು ಮೆಲ್ಲಗೆ ಅಂದರು. "ನನ್ನ ಮಗಳಾಗಿದ್ದರೆ ನಾನು ಒಪ್ತಿರಲಿಲ್ಲ ಅಮ್ಮ." ಹಾಗೆ ಹೇಳಿ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಹುಡುಗಿಗೆ ಕೊಟ್ಟರು. ಅವರು ಆ ಮಾತು ಆಡದಿದ್ದರೆ ಒಳ್ಳೆಯದಿತ್ತು ಅಂತ ನನ್ನ ಅಭಿಪ್ರಾಯ. ಮಕ್ಕಳ ಕಿವಿಗೆ ಬಿದ್ದಿದ್ದರೆ ಆ ದಿನ ಕೆಡುತ್ತಿತ್ತು. ಆದರೆ ಅವರು ಅದನ್ನು ಹೇಳಿದ್ದು ಸಹಿ ಹಾಕಿದ ಮೇಲೆ. ಮೊದಲ ಕಚೇರಿಯಲ್ಲಿ ಅದೇ ಮಾತು ಸಹಿಯ ಜಾಗದಲ್ಲಿ ಕೂತಿತ್ತು.

ಒಂದು ನಕ್ಷತ್ರ ಕಡಿಮೆ ಕೊಟ್ಟಿದ್ದು ನೋಟಿಸು ಫಲಕಕ್ಕೆ. ಮೆಟ್ಟಿಲ ಬುಡದಲ್ಲಿ, ಟೀ ಅಂಗಡಿಯ ಎದುರಿಗೇ ಇದೆ. ಜೋಡಿಯೇ ಬರೆದು ಕೇಳದಿದ್ದರೆ ನೋಟಿಸನ್ನು ಪ್ರಕಟಿಸಬಾರದು ಅಂತ ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ನಾವು ಹೋದ ಎರಡು ಕಡೆಯೂ ಅಂಟಿಸಿದರು. ಅದು ಆ ಅಧಿಕಾರಿಯ ತಪ್ಪಲ್ಲ. ಆದರೆ ಫಲಕವನ್ನು ಒಳಗಿನ ಗೋಡೆಗೆ ಹಾಕಬಹುದಿತ್ತು.

ಹೋಗುವವರಿಗೆ ಇನ್ನೆರಡು ಮಾತು. ಕಚೇರಿ ಎರಡನೇ ಮಹಡಿ, ಲಿಫ್ಟ್ ಇಲ್ಲ. ವಯಸ್ಸಾದ ಸಾಕ್ಷಿಗಳಿದ್ದರೆ ಅರ್ಧ ಗಂಟೆ ಮೊದಲೇ ಬನ್ನಿ. ನೋಟಿಸು ಕೊಟ್ಟ ದಿನ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಬಾಯಿಮಾತಿನ "ಆಯ್ತು ಹೋಗಿ"ಗೆ ಬೆಲೆ ಇಲ್ಲ. ಮೂರು ತಿಂಗಳ ಲೆಕ್ಕ ಆ ದಿನದಿಂದಲೇ ಓಡುತ್ತೆ, 30 ದಿನದ ಲೆಕ್ಕ ನೋಟಿಸು ಫಲಕಕ್ಕೆ ಬಿದ್ದ ದಿನದಿಂದ. ದಿನಾಂಕದ ಮೊಹರು ಬಿದ್ದಿದೆಯಾ ಅಂತ ನೋಡಿಕೊಂಡೇ ಮೆಟ್ಟಿಲು ಇಳಿಯಿರಿ.