‘ಮಾಡಿಫೈಡ್ ಅಂದ್ರ ಹಂಗ ಇರ್ತದ್ರಿ ಸರ್’

ನೀಹಾರಿಕೆಗಳ ಫೋಟೊ ತೆಗೆಯಲು ಸೆಕೆಂಡ್ ಹ್ಯಾಂಡ್ ಮಾಡಿಫೈಡ್ ಕ್ಯಾಮೆರಾ, ಅಂದರೆ ಒಳಗಿನ ಫಿಲ್ಟರ್ ತೆಗೆಸಿದ್ದು, ಹುಡುಕುತ್ತಿದ್ದೀರಾ? ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ನನಗೆ 38,000 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಬೇಜಾರು ಒಂದು ಇಡೀ ಚಳಿಗಾಲ ಹೋದದ್ದು.

ನನ್ನದು ವಿಜಯಪುರದಲ್ಲಿ ಮೆಡಿಕಲ್ ಅಂಗಡಿ. ರಾತ್ರಿ ಹತ್ತಕ್ಕೆ ಶಟರ್ ಎಳೆದ ಮೇಲೆ ಆಕಾಶದ ಹುಚ್ಚು. ತಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ಪಡ ಇದೆ. ಊರಿನ ಬೆಳಕು ಪೂರ್ವಕ್ಕೆ ಉಳಿಯುತ್ತದೆ, ನೆತ್ತಿ ಮೇಲಿನ ಆಕಾಶ ಕಪ್ಪಗೆ ಸಿಗುತ್ತದೆ. ಎರಡು ವರ್ಷ ಸಾದಾ ಡಿಎಸ್‌ಎಲ್‌ಆರ್, ಒಂದು ಹಳೆಯ 135 ಎಂಎಂ ಮ್ಯಾನುಯಲ್ ಲೆನ್ಸ್, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಒಂದು ಸಣ್ಣ ಟ್ರ್ಯಾಕರ್ ಇಟ್ಟುಕೊಂಡು ಅಲ್ಲೇ ಕೈ ಪಳಗಿಸಿಕೊಂಡೆ. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 17 ಡಿಗ್ರಿಯಷ್ಟೇ ಮೇಲಿರುತ್ತದೆ. ಒಂದು ಬೇವಿನ ಮರ ಅಡ್ಡ ಬಂದರೆ ಟ್ರ್ಯಾಕರನ್ನು ಆ ನಕ್ಷತ್ರಕ್ಕೆ ಹೊಂದಿಸುವುದೇ ಕಷ್ಟ. ಅಂಥದ್ದನ್ನೆಲ್ಲ ದಾಟಿ ಓರಿಯನ್ ನೀಹಾರಿಕೆ ಚೆನ್ನಾಗಿಯೇ ಬರುತ್ತಿತ್ತು. ಅಷ್ಟಕ್ಕೇ ಸುಮ್ನೆ ಇರಬೇಕಿತ್ತು. ನನಗೆ ರೊಸೆಟ್ ಬೇಕಾಯಿತು.

ರೊಸೆಟ್ ಸುಮಾರು 5,000 ಜ್ಯೋತಿರ್ವರ್ಷ ದೂರದ ಗುಲಾಬಿ ಆಕಾರದ ನೀಹಾರಿಕೆ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಎರಡು ಪಟ್ಟಿಗಿಂತ ಅಗಲ ಇದೆ. ಆದರೆ ಮಂಕು, ಮತ್ತು ಅದರ ಬೆಳಕಿನ ಬಹುಪಾಲು ಕಡುಕೆಂಪು. ಹೈಡ್ರೋಜನ್ ಆಲ್ಫಾ ಅನ್ನುತ್ತಾರೆ, 656.3 ನ್ಯಾನೋಮೀಟರ್. ಸಾದಾ ಕ್ಯಾಮೆರಾದ ಸೆನ್ಸರ್ ಮುಂದೆ ಒಂದು ಫಿಲ್ಟರ್ ಗಾಜು ಇರುತ್ತದೆ. ನಮ್ಮ ಮುಖದ ಬಣ್ಣ ಕಣ್ಣಿಗೆ ಕಂಡ ಹಾಗೆ ಫೋಟೊದಲ್ಲಿ ಬರಲಿ ಅಂತ ಅದು ಈ ಕೆಂಪಿನ ಹೆಚ್ಚಿನ ಪಾಲನ್ನು ತಡೆಯುತ್ತದೆ. ಮದುವೆ ಫೋಟೊಗೆ ಒಳ್ಳೆಯದು, ರೊಸೆಟ್‌ಗೆ ಶತ್ರು. ಹಾಗಾಗಿ ಆ ಗಾಜು ತೆಗೆಸುತ್ತಾರೆ. ಕಂಪನಿಗಳೇ ಅಂಥ ಕ್ಯಾಮೆರಾ ಮಾಡಿದ್ದುಂಟು: 2012ರಲ್ಲಿ ಕ್ಯಾನನ್ 60ಡಿಎ, 2015ರಲ್ಲಿ ನಿಕಾನ್ ಡಿ810ಎ, 2019ರಲ್ಲಿ ಕ್ಯಾನನ್ ಇಓಎಸ್ ಆರ್‌ಎ. ನನ್ನ ಜೇಬಿಗೆ ಅವು ದೂರ. ಆಗ ಕಣ್ಣಿಗೆ ಬಿದ್ದದ್ದು ಆ ಜಾಹೀರಾತು.

‘ಆಸ್ಟ್ರೋ ಮಾಡಿಫೈಡ್, ಹೊಸದರಂತಿದೆ, ಹವ್ಯಾಸ ಬಿಡುತ್ತಿರುವುದರಿಂದ ಮಾರಾಟ.’ ಕೆಳಗೆ ಅದ್ಭುತವಾದ ರೊಸೆಟ್ ಫೋಟೊ. ಮಾರುವವರು ಬೇರೆ ಜಿಲ್ಲೆಯವರು, ಮಾತು ಬಹಳ ಮರ್ಯಾದೆಯದು. ವಿಡಿಯೊ ಕಾಲ್‌ನಲ್ಲಿ ಕ್ಯಾಮೆರಾ ತೋರಿಸಿದರು, ಎದುರಿನ ಕುರ್ಚಿಯ ಫೋಟೊ ತೆಗೆದು ಝೂಮ್ ಮಾಡಿದರು. ಹುರಿ ಹುರಿಯೂ ಸ್ಪಷ್ಟ. ಫೋಟೊ ಪೂರ್ತಿ ಗುಲಾಬಿಯಾಗಿತ್ತು. ಕೇಳಿದೆ. ‘ಮಾಡಿಫೈಡ್ ಅಂದ್ರ ಹಂಗ ಇರ್ತದ್ರಿ ಸರ್, ವೈಟ್ ಬ್ಯಾಲೆನ್ಸ್ ಸೆಟ್ ಮಾಡ್ಕೋಬೇಕು’ ಎಂದರು. ಅದು ನಿಜವೇ. ನಾನು ಬಿದ್ದದ್ದು ಅಲ್ಲೇ. ಮೊದಲನೆಯ ಉತ್ತರ ನಿಜವಾಗಿತ್ತಲ್ಲ, ಮುಂದಿನದ್ದನ್ನೂ ನಂಬಿಬಿಟ್ಟೆ. ಪೂರ್ತಿ ದುಡ್ಡು ಫೋನಿನಲ್ಲೇ ಕಳಿಸಿದೆ.

ಪಾರ್ಸೆಲ್ ಎಳ್ಳ ಅಮಾವಾಸ್ಯೆಗೆ ಎರಡು ದಿನ ಮುಂಚೆ ಬಂತು. ಇದಕ್ಕಿಂತ ಒಳ್ಳೆ ಮುಹೂರ್ತ ಯಾವುದಿದೆ ಹೇಳಿ. ಹಗಲು ಎಲ್ಲರೂ ಹೊಲದಲ್ಲಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಹೊಡೆದೆವು. ರಾತ್ರಿ ಚಂದ್ರನೇ ಇಲ್ಲದ ಆಕಾಶ. ಮಂದಿಯೆಲ್ಲ ಟ್ರ್ಯಾಕ್ಟರ್ ಹತ್ತಿ ಹೋದ ಮೇಲೆ ನಾನು, ಕಾಕಾ, ನಾಯಿ ಉಳಿದೆವು. ಹನ್ನೆರಡರ ಹೊತ್ತಿಗೆ ರೊಸೆಟ್ ನೆತ್ತಿ ಹತ್ತಿರ ಬಂದಿರುತ್ತದೆ. ಲೆನ್ಸ್ ಹಾಕಿ ಫೋಕಸ್ ರಿಂಗ್ ತಿರುಗಿಸಿದೆ. ಕೊನೆ ಮುಟ್ಟಿತು, ಅಲ್ಲೇ ನಿಂತಿತು. ಪರದೆಯಲ್ಲಿ ಚುಕ್ಕಿಗಳು ನೆನೆಸಿಟ್ಟ ಸಾಬೂದಾಣಿಯ ಹಾಗೆ ಉಬ್ಬಿಕೊಂಡಿದ್ದವು. ಇನ್ನೊಂದು ಕೂದಲೆಳೆಯಷ್ಟು ತಿರುಗಬೇಕಿತ್ತು, ರಿಂಗ್ ತಿರುಗುತ್ತಿಲ್ಲ. ಮಂಜು ಕೂತಿತೇನೋ ಎಂದು ಲೆನ್ಸ್ ಒರೆಸಿದೆ. ಬಿಚ್ಚಿ ಮತ್ತೆ ಹಾಕಿದೆ. ಎರಡು ಗಂಟೆಗೆ ಕಾಕಾ ಕೌದಿ ಹೊದ್ದುಕೊಂಡು ಎದ್ದು ಬಂದ. ‘ತಮ್ಮಾ, ಹಳೇದು ಚಲೋ ಇತ್ತಲ್ಲೋ, ಇದನ್ಯಾಕ ತಂದಿ?’ ಎಂದ. ಉತ್ತರ ಇರಲಿಲ್ಲ.

ಮರುದಿನ ಗೆಳೆಯನ ಹೊಸ ಲೆನ್ಸ್ ತಂದೆ. ಅದರ ರಿಂಗ್ ಅನಂತದ (ಅತಿ ದೂರದ) ಗುರುತು ದಾಟಿಯೂ ತಿರುಗುತ್ತದೆ. ಚುಕ್ಕಿ ಸಣ್ಣದಾಯಿತು. ಖುಷಿಯಿಂದ 90 ಸೆಕೆಂಡಿನ 60 ಫ್ರೇಮ್ ತೆಗೆದು ಮನೆಗೆ ಬಂದು ತೆರೆದು ನೋಡುತ್ತೇನೆ: ಪ್ರತಿ ದೊಡ್ಡ ಚುಕ್ಕಿಯ ಸುತ್ತ ಕೆಂಪು ಪ್ರಭೆ. ಎಡಕ್ಕೆ ಚುಕ್ಕಿ ದುಂಡಗಿವೆ, ಬಲಕ್ಕೆ ಹೋದಂತೆ ಕುಸುಬಿ ಕಾಳಿನ ಹಾಗೆ ಉದ್ದುದ್ದ. ಟ್ರ್ಯಾಕರ್ ತಪ್ಪಾಗಿದ್ದರೆ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಉದ್ದ ಆಗಬೇಕಿತ್ತು. ಮಾರಿದವರಿಗೆ ಫೋಟೊ ಕಳಿಸಿದೆ. ಉತ್ತರ ನೀವೇ ಊಹಿಸಿ. ಹೌದು, ‘ಮಾಡಿಫೈಡ್ ಅಂದ್ರ ಹಂಗ ಇರ್ತದ್ರಿ ಸರ್.’ ಮೂರನೇ ಸಲ ಕೇಳಿದಾಗ ನನ್ನ ನಂಬರ್ ಬ್ಲಾಕ್ ಆಯಿತು.

ಕೊನೆಗೆ ಬೆಂಗಳೂರಿನ ಒಬ್ಬ ರಿಪೇರಿಯವರಿಗೆ ಕಳಿಸಿದೆ. ಬಿಚ್ಚಿ ಫೋಟೊ ಸಮೇತ ತೋರಿಸಿದರು. ಈ ಮಾದರಿಯಲ್ಲಿ ಸೆನ್ಸರ್ ಮುಂದೆ ಎರಡು ಗಾಜು. ಆ ಕಡುಕೆಂಪು ತಡೆಯುವ ಒಂದನ್ನು ಮಾತ್ರ ತೆಗೆದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ತಡೆಯುವ ಇನ್ನೊಂದನ್ನು ಹಾಗೇ ಬಿಡಬೇಕು. ಯಾರೋ ಮನೆಯಲ್ಲಿ ಕೂತು ಎರಡನ್ನೂ ಕಿತ್ತಿದ್ದರು, ಬದಲಿಗೆ ಏನೂ ಹಾಕಿರಲಿಲ್ಲ. ಇನ್‌ಫ್ರಾರೆಡ್ ಒಳಗೆ ನುಗ್ಗಿ ಬೇರೆ ಕಡೆ ಫೋಕಸ್ ಆಗುವುದರಿಂದ ಆ ಪ್ರಭೆ. ಸೆನ್ಸರ್ ಕೂರಿಸುವಾಗ ಸ್ಕ್ರೂಗಳನ್ನು ಸಮ ಮಾಡಿರಲಿಲ್ಲ, ಅದಕ್ಕೇ ಒಂದು ಕಡೆ ಕುಸುಬಿ. ಇನ್ನು ಫೋಕಸ್ ವಿಷಯ ಸ್ವಲ್ಪ ಮಜಾ ಇದೆ. ಗಾಜು ಇದ್ದರೆ ಬೆಳಕು ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಹಿಂದೆ ಹೋಗಿ ಕೂಡುತ್ತದೆ. ಗಾಜು ಹೋದರೆ ಸೆನ್ಸರ್‌ಗಿಂತ ಮುಂಚೆಯೇ ಕೂಡುತ್ತದೆ. ಹತ್ತಿರದ ಕುರ್ಚಿಗೆ ರಿಂಗ್ ತಿರುಗಿಸಿ ಸರಿ ಮಾಡಿಕೊಳ್ಳಬಹುದು. ಚುಕ್ಕಿಗಳಿಗೆ ಆಗುವುದಿಲ್ಲ, ರಿಂಗ್ ಮುಗಿದೇ ಹೋಗಿರುತ್ತದೆ. ವಿಡಿಯೊ ಕಾಲ್‌ನಲ್ಲಿ ಕುರ್ಚಿ ಯಾಕೆ ಅಷ್ಟು ಚೆಂದ ಕಂಡಿತು ಅಂತ ಆಗ ಗೊತ್ತಾಯಿತು.

ಸರಿಯಾದ ಗಾಜು ಹಾಕಿ, ಸೆನ್ಸರ್ ಸಮ ಮಾಡಲು ಮತ್ತೆ 9,000. ಕ್ಯಾಮೆರಾ ಕೈಗೆ ಬರುವಷ್ಟರಲ್ಲಿ ಮಾರ್ಚ್ ಮುಗಿದಿತ್ತು. ರೊಸೆಟ್ ಸಂಜೆಗೇ ಪಶ್ಚಿಮಕ್ಕೆ ವಾಲಿತ್ತು, ಆಕಾಶದ ತುಂಬ ಧೂಳು.

ನೀವು ಕೊಳ್ಳುವುದಾದರೆ ಕುರ್ಚಿ, ಗೋಡೆ, ಹೂವಿನ ಕುಂಡ ತೋರಿಸಿದರೆ ಒಪ್ಪಬೇಡಿ. ಚುಕ್ಕಿಗಳ ಫೋಟೊ ಕೇಳಿ, ನಾಲ್ಕೂ ಮೂಲೆ ನೋಡಿ. ಜೆಪೆಗ್ ಬೇಡ, ರಾ ಫೈಲ್ (ಕ್ಯಾಮೆರಾ ತೆಗೆದ ಹಾಗೇ ಇರುವ ಮೂಲ ಫೈಲ್) ಬೇಕು ಅನ್ನಿ. ಎಷ್ಟೋ ಕ್ಯಾಮೆರಾಗಳ ರಾ ಫೈಲಿನಲ್ಲಿ ಅದರ ಸೀರಿಯಲ್ ನಂಬರ್ ಇರುತ್ತದೆ, ಕ್ಯಾಮೆರಾದ ಅಡಿಯಲ್ಲಿರುವ ನಂಬರಿಗೆ ತಾಳೆ ಹಾಕಬಹುದು. ಯಾವ ಗಾಜು ತೆಗೆದಿದ್ದಾರೆ, ಬದಲಿಗೆ ಏನು ಹಾಕಿದ್ದಾರೆ, ಯಾರು ಮಾಡಿದ್ದಾರೆ ಎಂದು ಕೇಳಿ. ಸರಿಯಾಗಿ ಮಾಡಿಸಿದವರಿಗೆ ಇದು ಬಾಯಿಪಾಠ ಇರುತ್ತದೆ. ಲೆನ್ಸಿನ ರಂಧ್ರ ಎಫ್/16ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಫೋಟೊ ತೆಗೆಸಿದರೆ ಸೆನ್ಸರ್ ಮೇಲಿನ ಧೂಳು ಕಾಣುತ್ತದೆ. ಲೆನ್ಸ್ ಮುಚ್ಚಿ ಐದು ನಿಮಿಷದ ಒಂದು ಫ್ರೇಮ್ ತೆಗೆಸಿದರೆ ಸೆನ್ಸರ್‌ನಲ್ಲಿ ಕೆಟ್ಟ ಪಿಕ್ಸೆಲ್ ಎಷ್ಟಿವೆ ಎಂಬ ಅಂದಾಜೂ ಸಿಗುತ್ತದೆ. ಸಾಧ್ಯವಾದರೆ ಬಸ್ ಹತ್ತಿ ಹೋಗಿ, ಒಂದು ರಾತ್ರಿ ಅಲ್ಲೇ ಇದ್ದು ನೋಡಿ ಬನ್ನಿ. ಬಸ್ ಚಾರ್ಜು 38,000 ಆಗುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ ಅಷ್ಟೇ. ಈಗಷ್ಟೇ ಶುರು ಮಾಡಿದವರಿಗೆ ಮಾಡಿಫೈಡ್ ಬೇಕಾಗಿಯೇ ಇಲ್ಲ. ಓರಿಯನ್, ಕೃತ್ತಿಕೆ, ಆಂಡ್ರೊಮಿಡಾ ಎಲ್ಲ ಸಾದಾ ಕ್ಯಾಮೆರಾಗೇ ಸಿಗುತ್ತವೆ. ಆ ದುಡ್ಡು ಟ್ರ್ಯಾಕರ್ ಮೇಲೆ ಹಾಕಿ.

ಮೊನ್ನೆ ಅದೇ ಜಾಹೀರಾತು ಮತ್ತೆ ಕಂಡಿತು. ಬೇರೆ ಹೆಸರು, ಬೇರೆ ಮಾದರಿಯ ಕ್ಯಾಮೆರಾ, ರೊಸೆಟ್ ಫೋಟೊ ಮಾತ್ರ ಅದೇ. ಅಳಿಯನ ಫೋನಿಂದ ಮೆಸೇಜ್ ಹಾಕಿದೆ: ಈ ಫೋಟೊದ ರಾ ಫೈಲ್ ಕಳಿಸ್ತೀರಾ? ಎರಡು ನೀಲಿ ಗೆರೆ ಬಂದು ಮೂರು ದಿನ ಆಯಿತು, ಫೈಲ್ ಇನ್ನೂ ಬಂದಿಲ್ಲ.